ಸೇಬಿನ ಮಸಾಲೆ ಕೇಕ್ ನಡುವೆ ಹಸಿ ಉಳಿಯುತ್ತಿದ್ದರೆ

ಮೇಲೆ ಕಂದು ಬಣ್ಣ ಬಂದರೂ ನಡುವೆ ಹಸಿಯಾಗಿದೆ, ಸೇಬೆಲ್ಲ ತಳ ಸೇರಿದೆ ಅಂದಿದ್ದೀರಿ. ಸೇಬನ್ನು ತುರಿದು, ಸಕ್ಕರೆ ಬೆರೆಸಿ ಅರ್ಧ ಗಂಟೆ ಇಟ್ಟಿದ್ದೇ ಬಹುಶಃ ಕಾರಣ. ಸಕ್ಕರೆ ಹಣ್ಣಿನ ನೀರನ್ನು ಹೊರಗೆಳೆಯುತ್ತದೆ. ಆ ನೀರೆಲ್ಲ ಹಿಟ್ಟಿಗೆ ಸೇರಿ ಅದು ತೆಳ್ಳಗಾಗುತ್ತದೆ.

ಮೊದಲು ಓವನ್ ಅನ್ನು 170 ಡಿಗ್ರಿ ಸೆಲ್ಸಿಯಸ್‌ಗೆ ಕಾಯಲು ಬಿಡಿ. ಸೇಬನ್ನು ತುರಿಯದೆ 1 ಸೆಂಟಿಮೀಟರ್ ತುಂಡುಗಳಾಗಿ ಹೆಚ್ಚಿ. ಗಟ್ಟಿಯಾದ, ಸ್ವಲ್ಪ ಹುಳಿ ಇರುವ ಹಣ್ಣೇ ಒಳ್ಳೆಯದು. 200 ಗ್ರಾಂ ಮೈದಾಕ್ಕೆ 250 ಗ್ರಾಂ ಹಣ್ಣು ಸಾಕು, ಜಾಸ್ತಿ ಬೇಡ. ಅಳತೆಯ ಮೈದಾದಲ್ಲೇ ಒಂದು ಚಮಚ ತೆಗೆದು ತುಂಡುಗಳ ಮೇಲೆ ಉದುರಿಸಿ ಹೊರಳಿಸಿ. ಚಕ್ಕೆ ಪುಡಿ ಒಂದೂವರೆ ಟೀ ಚಮಚ, ಜಾಯಿಕಾಯಿ ಕಾಲು ಚಮಚ, ಲವಂಗದ ಪುಡಿ ಚಿಟಿಕೆಯಷ್ಟೇ. ಲವಂಗ ಹೆಚ್ಚಾದರೆ ಸೇಬಿನ ರುಚಿಯೇ ಹೋಗುತ್ತದೆ, ಅದಂತೂ ಬೇಡವೇ ಬೇಡ! ಇವನ್ನು ಒಣ ಹಿಟ್ಟಿಗೇ ಸೇರಿಸಿ. ಸೇಬನ್ನು ಕೊನೆಯಲ್ಲಿ ಹಾಕಿ, ನಾಲ್ಕೈದು ಸಲ ಮಗುಚಿ, ತಡಮಾಡದೆ ಓವನ್‌ಗಿಡಿ. ಬೇಕಿಂಗ್ ಸೋಡಾ ಹಾಕಿದ ಹಿಟ್ಟನ್ನು ಬೇಯಿಸದೆ ಹಾಗೇ ಇಟ್ಟರೆ ಅದರ ಗಾಳಿ ಹೋಗಿಬಿಡುತ್ತದೆ.

45 ನಿಮಿಷದ ನಂತರ ಕಡ್ಡಿ ಚುಚ್ಚಿ ನೋಡಿ. ಸೇಬಿನ ತುಂಡಿಗೆ ತಗುಲಿದರೂ ಕಡ್ಡಿ ಒದ್ದೆಯಾಗುತ್ತದೆ ಅಲ್ವಾ, ಅದಕ್ಕೆ ಎರಡು ಮೂರು ಕಡೆ ಚುಚ್ಚಿ. ಮೇಲ್ಭಾಗ ಬೇಗ ಕಂದಾದರೆ ಫಾಯಿಲ್ ಮುಚ್ಚಿ ಇನ್ನೂ 10 ನಿಮಿಷ ಬೇಯಿಸಿ. ಹೊರತೆಗೆದು 15 ನಿಮಿಷಕ್ಕೆ ಟಿನ್‌ನಿಂದ ಬಿಡಿಸಿ ಜಾಲರಿಯ ಮೇಲಿಡಿ, ಇಲ್ಲದಿದ್ದರೆ ಹಬೆಗೆ ತಳ ಒದ್ದೆಯಾಗುತ್ತದೆ.

ಇಷ್ಟಾದರೂ ನಡು ಹಸಿಯಿದ್ದರೆ ಓವನ್ ಶಾಖವೇ ತಪ್ಪಿರಬಹುದು. ಒಳಗೊಂದು ಥರ್ಮಾಮೀಟರ್ ಇಟ್ಟು ನೋಡಿ.