ಎಲ್ಲದಕ್ಕೂ ಬೆರಳಚ್ಚು ಜೋಡಿಸಿದರೆ ನಮ್ಮ ಹೆಸರಲ್ಲಿ ಮೋಸ ಆಗೋದು ತಪ್ಪುತ್ತಾ?

ಇಲ್ಲ. ನಮ್ಮ ಆಯಿಯ ಖಾತೆ ಖಾಲಿಯಾಗಿದ್ದೇ ಬೆರಳಚ್ಚಿನಿಂದ.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಡಿಕೆ ದುಡ್ಡು ಜಮಾ ಆಗಿತ್ತು. ಪಾಸ್‌ಬುಕ್ ಎಂಟ್ರಿ ಹಾಕಿಸಲು ಹೋದರೆ ಹತ್ತು ಹತ್ತು ಸಾವಿರದಂತೆ ಯಾರೋ ತೆಗೆದಿದ್ದಾರೆ. ಪಕ್ಕದಲ್ಲಿ ಎಇಪಿಎಸ್ ಅಂತ ಬರೆದಿದೆ. ಆಯಿ ಎಟಿಎಂ ಕಾರ್ಡನ್ನೇ ಮಾಡಿಸಿರಲಿಲ್ಲ! ಕಾರ್ಡ್ ಇಲ್ಲದಿದ್ದರೆ ಭಯವಿಲ್ಲ ಅಂದುಕೊಂಡಿದ್ದೆವು.

ಎಇಪಿಎಸ್ ಅಂದರೆ ಆಧಾರ್ ಬಳಸಿ ನಮ್ಮ ಖಾತೆಯಿಂದ ದುಡ್ಡು ಕೊಡುವ ವ್ಯವಸ್ಥೆ. ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚು ಇದ್ದರೆ ಒಂದು ಸಲಕ್ಕೆ 10,000 ರೂಪಾಯಿವರೆಗೆ ಸಿಗುತ್ತದೆ. ಪಿನ್ ಬೇಡ, ಒಟಿಪಿ ಬೇಡ. ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತಿನಿಂದ ಸಿಲಿಕೋನ್ ಅಚ್ಚು ಮಾಡಿ ಹೀಗೆ ದುಡ್ಡು ಎತ್ತಿದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ಬಯಲಾದವು. ನಾವೂ ತೋಟದ ಪಾಲುಪಟ್ಟಿ ನೋಂದಣಿ ಮಾಡಿಸಿದ್ದೆವು. ಆಯಿಯ ಹೆಬ್ಬೆಟ್ಟು ಅಲ್ಲಿಂದಲೇ ಹೋಯಿತು ಅಂತ ಆಣೆ ಮಾಡಿ ಹೇಳಲಾರೆ.

ಆದರೆ ನಮಗೆ ಹೊಡೆತ ಬಿದ್ದಿದ್ದು ಫೋನ್ ನಂಬರಿನಿಂದ. ನಮ್ಮ ಕಡೆಯ ಸಿಗ್ನಲ್ ಕಥೆ ಗೊತ್ತಲ್ವಾ? ಮನೆಯಲ್ಲಿ ಯಾವ ಕಂಪನಿಯದು ಸಿಗುತ್ತದೋ ಆ ಸಿಮ್ ಹಾಕಿಕೊಳ್ಳುತ್ತ ಬಂದೆವು. ಬ್ಯಾಂಕಿನಲ್ಲಿ ಮಾತ್ರ ಹಳೇ ನಂಬರೇ ಉಳಿಯಿತು. ಬದಲಾಯಿಸಲು ಒಂದು ಫಾರಂ ತುಂಬಿದರೆ ಆಗುತ್ತಿತ್ತು. ಪೇಟೆಗೆ ಹೋದಾಗೆಲ್ಲ ಆ ಬ್ಯಾಂಕಿನ ಮುಂದೆಯೇ ಹಾದುಹೋಗುತ್ತಿದ್ದೆ. ಒಳಗೆ ರಶ್ ನೋಡಿ ಮುಂದಿನ ಸಲ ಮಾಡಿದರಾಯ್ತು ಅನ್ನುತ್ತಿದ್ದೆ. ಮೊದಲ ಕಂತು ಹೋದಾಗಲೇ ಮೆಸೇಜ್ ಕಣ್ಣಿಗೆ ಬಿದ್ದಿದ್ದರೆ ಉಳಿದದ್ದಾದರೂ ಉಳಿಯುತ್ತಿತ್ತು. ಅದೂ ಹೋಗಲಿ. ಇಂಥ ಮೂರನೆಯವರ ಮೋಸದಲ್ಲಿ ಬ್ಯಾಂಕಿನ ಮೆಸೇಜ್ ಸಿಕ್ಕ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕರ ಮೇಲೆ ಬರುವುದಿಲ್ಲ ಅಂತ ರಿಸರ್ವ್ ಬ್ಯಾಂಕ್ 2017ರಲ್ಲಿ ನಿಯಮ ಮಾಡಿತ್ತು. ಆ ದಿನಗಳು ದಾಟಿದ ಮೇಲೆ ಹೋದ ನಮಗೆ ಸಿಕ್ಕ ಉತ್ತರ, ‘ಮೆಸೇಜ್ ಕಳಿಸಿದ್ದೇವಲ್ಲ’. ಕಳಿಸಿದ್ದು ಸುಳ್ಳಲ್ಲ, ಕಪಾಟಿನಲ್ಲಿ ಬಿದ್ದಿದ್ದ ಸಿಮ್ಮಿಗೆ. ವಾದ ಅಲ್ಲಿಗೇ ನಿಂತಿತು.

ನೀವು ಬೆರಳಚ್ಚನ್ನು ಗುಟ್ಟು ಅಂದುಕೊಂಡಿದ್ದೀರಿ. ಮುಟ್ಟಿದಲ್ಲೆಲ್ಲ ಬಿಟ್ಟು ಬರುವುದು ಗುಟ್ಟು ಹೇಗಾಗುತ್ತದೆ? ಕದ್ದರೆ ಪಾಸ್‌ವರ್ಡ್ ಥರ ಬದಲಾಯಿಸಲೂ ಬರುವುದಿಲ್ಲ. ಫೋನ್ ತೆರೆಯಲು ಬೇಕಾದರೆ ಇಟ್ಟುಕೊಳ್ಳಿ, ಆ ಅಚ್ಚು ಫೋನಿನೊಳಗೇ ಇರುತ್ತದೆ. ಆಧಾರ್ ಬೆರಳಚ್ಚಿಗೆ ಮಾತ್ರ ಲಾಕ್ ಹಾಕಿ. ಆಧಾರ್‌ನ ಅಧಿಕೃತ ಆ್ಯಪ್‌ನಲ್ಲೇ ಆಗುತ್ತದೆ, ಆಧಾರ್‌ಗೆ ಜೋಡಿಸಿದ ಫೋನ್ ನಂಬರ್ ಬೇಕು. ಆಮೇಲೆ ಯಾರು ಹೆಬ್ಬೆಟ್ಟು ಒತ್ತಿದರೂ ನಡೆಯುವುದಿಲ್ಲ. ನಿಮ್ಮದೂ ನಡೆಯುವುದಿಲ್ಲ, ರೇಷನ್ ತರುವ ದಿನ ಸ್ವಲ್ಪ ಹೊತ್ತು ಲಾಕ್ ತೆಗೆಯಬೇಕು. ನ್ಯಾಯಬೆಲೆ ಅಂಗಡಿ ಹತ್ತಿರ ಸಿಗ್ನಲ್ ಇಲ್ಲದಿದ್ದರೆ ರಗಳೆಯೇ. ಆದರೂ ನಾವು ಲಾಕ್ ಮಾಡಿಯೇ ಇಟ್ಟಿದ್ದೇವೆ.

ದುಡ್ಡು ಹೋದದ್ದು ಗೊತ್ತಾದ ಕೂಡಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಬರೆದು ಕೊಡಿ. ಇದೆಲ್ಲಕ್ಕೂ ಮೊದಲು ನಿಮ್ಮ ಖಾತೆಗೆ ಯಾವ ನಂಬರ್ ಇದೆ ಅಂತ ಬ್ಯಾಂಕಿನಲ್ಲಿ ನೋಡಿಸಿ. ಹೋದಾಗಲೇ ಎಇಪಿಎಸ್ ಬೇಡ ಅಂತ ಒಂದು ಅರ್ಜಿ ಕೊಟ್ಟು ಬನ್ನಿ, ಸೀಲ್ ಹಾಕಿಸಿದ ಪ್ರತಿ ಇಟ್ಟುಕೊಳ್ಳಿ.