ಇಂಟರ್ವ್ಯೂ ಮಾಡಿದವರು ಕೊಡಗಿನವರು, ಥ್ಯಾಂಕ್ಸ್ ಮೇಲ್ ಕೊಡವ ತಕ್ಕ್‌ನಲ್ಲಿ (ಕೊಡವ ಭಾಷೆಯಲ್ಲಿ) ಬರೆಯಲಾ?

ಪೂರ್ತಿ ಮೇಲ್ ಬೇಡ. ಒಂದು ಸಾಲು ಸಾಕು, ಅದೂ ಅವರ ಮನೆಮಾತು ಅದೇ ಅಂತ ಖಾತ್ರಿ ಇದ್ದರೆ ಮಾತ್ರ.

ನಾನು ದಕ್ಷಿಣ ಕೊಡಗಿನ ಒಂದು ಕಾಫಿ ಎಸ್ಟೇಟ್ ಆಫೀಸಿನಲ್ಲಿದ್ದೇನೆ. ರೈಟರ್ (ಲೆಕ್ಕಪತ್ರ ಬರೆಯುವವರು), ಸೂಪರ್‌ವೈಸರ್ ಕೆಲಸಕ್ಕೆ ಇಂಟರ್ವ್ಯೂ ನಡೆದಾಗ ನಾನೂ ಕೂತಿರುತ್ತೇನೆ, ಆಮೇಲೆ ಬರುವ ಮೇಲ್‌ಗಳನ್ನೂ ಓದುತ್ತೇನೆ. ನೀವು ಗೋಣಿಕೊಪ್ಪದಲ್ಲಿ ಇಂಟರ್ವ್ಯೂ ಕೊಟ್ಟೆ, ಎದುರಿಗಿದ್ದವರು ಇಲ್ಲಿಯವರೇ ಅಂತ ಬರೆದಿದ್ದೀರಿ. ಅಷ್ಟಕ್ಕೇ ಅವರು ಕೊಡವ ತಕ್ಕ್ ಮಾತಾಡುವವರು ಅಂದ್ಕೋಬೇಡಿ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 5.5 ಲಕ್ಷ, ಆದರೆ ಇಡೀ ದೇಶದಲ್ಲಿ ಕೊಡವ ತಮ್ಮ ಭಾಷೆ ಅಂತ ಬರೆಸಿದವರೇ 1.14 ಲಕ್ಷದಷ್ಟು. ಉಳಿದ ಮನೆಗಳಲ್ಲಿ ಅರೆಭಾಷೆ, ಮಲಯಾಳ, ತುಳು, ಕನ್ನಡ, ಯರವ, ಹೀಗೆ ಏನೂ ಇರಬಹುದು. ಅರೆಭಾಷೆಯವರಿಗೆ ಕೊಡವ ತಕ್ಕ್‌ನಲ್ಲಿ ಬರೆದು ಕಳಿಸಿದರೆ ಪಾಪ, ಅವರು ನಕ್ಕು ಸುಮ್ನಾಗ್ತಾರೆ, ಆದರೆ ನೀವು ವಿಚಾರಿಸದೇ ಬರೆದಿದ್ದೀರಿ ಅಂತ ಗೊತ್ತಾಗಿಬಿಡುತ್ತೆ.

ಕೊಡವರೇ ಅಂತ ಗೊತ್ತಾದರೆ ಆ ಒಂದು ಸಾಲನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ, ಇಲ್ಲಿ ಹೆಚ್ಚಿನವರು ಹಾಗೇ ಬರೆಯೋದು. ಒಂದು ತೊಂದರೆ ಅಂದರೆ ಆ ಭಾಷೆಯ ಕೆಲವು ಸ್ವರಗಳಿಗೆ ಕನ್ನಡದಲ್ಲಿ ಅಕ್ಷರವೇ ಇಲ್ಲ, ಹಾಗಾಗಿ ಒಂದೇ ಪದವನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ನೆಟ್‌ನಲ್ಲಿ ಸಿಕ್ಕಿದ್ದನ್ನು ಹಾಕಬೇಡಿ. ಮನೆಯಲ್ಲಿ ಅದನ್ನೇ ಮಾತಾಡುವ ಯಾರಾದರೂ ಸ್ನೇಹಿತರಿಗೆ ಫೋನ್ ಮಾಡಿ, ಓದಿ ಹೇಳಿ, ತಿದ್ದಿಸಿಕೊಳ್ಳಿ.

ಭಾಷೆಗಿಂತ ಜಾಸ್ತಿ ಜನ ಎಡವೋದು ಹೆಸರಲ್ಲಿ. ಕೊಡವರ ಹೆಸರಲ್ಲಿ ಮನೆತನದ ಹೆಸರು ಮೊದಲು ಬರುತ್ತೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅಂದರೆ ಕೊಡಂದೇರ ಮಾದಪ್ಪ ಕಾರ್ಯಪ್ಪ, ಜನರಲ್ ತಿಮ್ಮಯ್ಯನವರೂ ಅದೇ ಕೊಡಂದೇರ. ಮೊದಲ ಪದ ನೋಡಿ 'ಕೊಡಂದೇರ ಅವರೇ' ಅಂತ ಶುರು ಮಾಡಿದರೆ ಇಡೀ ಒಕ್ಕವನ್ನೇ, ಅಂದರೆ ಮನೆತನವನ್ನೇ, ಕರೆದ ಹಾಗೆ, ಅಲ್ವಾ? ಈಗ ಕೆಲವರು ಮನೆತನದ ಹೆಸರನ್ನು ಕೊನೆಗೂ ಹಾಕ್ತಾರೆ, ಅದಕ್ಕೇ ವಿಸಿಟಿಂಗ್ ಕಾರ್ಡ್ ಅಥವಾ ಅವರ ಮೇಲ್ ಸರಿಯಾಗಿ ನೋಡಿ. ಸ್ಪೆಲ್ಲಿಂಗೂ ಅಲ್ಲಿದ್ದ ಹಾಗೇ ಇರಲಿ.

ಉಳಿದ ಮೇಲ್ ಇಂಟರ್ವ್ಯೂ ನಡೆದ ಭಾಷೆಯಲ್ಲೇ ಇರಲಿ. ನಮ್ಮಲ್ಲಿಗೆ ಬಂದ ಒಂದು ಮೇಲ್ ಇನ್ನೂ ನೆನಪಿದೆ. ಹೂಮಳೆ (ಕಾಫಿ ಹೂ ಅರಳಲು ಬೇಕಾದ ಮಳೆ) ತಡವಾದರೆ ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಯಾವಾಗ ಶುರು ಮಾಡ್ತೀರಿ ಅಂತ ನಮ್ಮ ಮ್ಯಾನೇಜರ್ ಆ ಹುಡುಗನನ್ನು ಕೇಳಿದ್ದರು, ಅವನಿಗೆ ಆಗ ಉತ್ತರ ಬಂದಿರಲಿಲ್ಲ. ಸಂಜೆ ನಾಲ್ಕು ಸಾಲು ಕನ್ನಡದಲ್ಲಿ ಬರೆದಿದ್ದ: ನಿಮ್ಮ ಪ್ರಶ್ನೆ ತಲೆಯಲ್ಲೇ ಉಳಿಯಿತು, ಊರಿನ ಬೆಳೆಗಾರರೊಬ್ಬರನ್ನು ಕೇಳಿದೆ, ಮೊಗ್ಗು ಬಲಿತಿದೆಯಾ ಅಂತ ಮೊದಲು ನೋಡಬೇಕಂತೆ, ಅಂತ. ಕೊನೆಗೆ ಕೊಡವ ತಕ್ಕ್‌ನಲ್ಲಿ ಒಂದೇ ಸಾಲು. ಮ್ಯಾನೇಜರ್ ಫೋನನ್ನು ನನ್ನ ಕಡೆ ತಿರುಗಿಸಿ ತೋರಿಸಿದ್ದು ಸ್ಪ್ರಿಂಕ್ಲರ್ ಸಾಲನ್ನು.

ಅದೇ ದಿನ ಸಂಜೆಯೋ ಮಾರನೇ ದಿನ ಬೆಳಿಗ್ಗೆಯೋ ಕಳಿಸಿಬಿಡಿ. ಉತ್ತರ ಬರಲಿಲ್ಲ ಅಂತ ಮತ್ತೆ ಮತ್ತೆ ಕೇಳಬೇಡಿ, ಮಳೆಗಾಲದಲ್ಲಿ ಇಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ.