ಮಿನಿಮಮ್ ಕಟ್ಟಿದರೂ ಬಾಕಿ ಯಾಕೆ ಇಳಿಯುತ್ತಿಲ್ಲ?

ಓದುಗರ ಪತ್ರ: ಕಲಬುರಗಿಯ ದಾಲ್ ಮಿಲ್ ಒಂದರಲ್ಲಿ ಲೆಕ್ಕ ಬರೆಯುತ್ತೇನೆ. ತಂಗಿಯ ಮದುವೆಗೆ ಫ್ರಿಜ್, ಬಟ್ಟೆ ಎಲ್ಲ ಕ್ರೆಡಿಟ್ ಕಾರ್ಡ್ ಮೇಲೆ ತಂದೆ. ಬಾಕಿ 60,000 ರೂಪಾಯಿ. ತಿಂಗಳಿಗೆ 3,000 ಮಿನಿಮಮ್ ಡ್ಯೂ (ಬಿಲ್‌ನಲ್ಲಿ ಇಷ್ಟಾದರೂ ಕಟ್ಟಲೇಬೇಕು ಅಂತ ಇರುವ ಕನಿಷ್ಠ ಮೊತ್ತ) ತಪ್ಪದೆ ಕಟ್ಟುತ್ತೇನೆ, ಬಾಕಿ ಮಾತ್ರ ಇದ್ದಲ್ಲೇ ಇದೆ. ಬ್ಯಾಂಕಿನವರು ಮೋಸ ಮಾಡುತ್ತಿದ್ದಾರಾ? ಇನ್ನೊಂದು ಕಾರ್ಡ್‌ನಿಂದ ಕ್ಯಾಶ್ ತೆಗೆದು ಇದನ್ನು ಮುಗಿಸು ಅಂತಾನೆ ಗೆಳೆಯ. ನನ್ನ ಹೆಸರಲ್ಲಿ 50,000ದ ಎಫ್‌ಡಿ ಇದೆ, ಆದರೆ ಅದು ಮಗಳಿಗೆ ಅಂತ ಇಟ್ಟದ್ದು, ಮುಟ್ಟಲ್ಲ. ಇದೆಲ್ಲ ಮುಗಿದ ಮೇಲೆ ಕಾರ್ಡ್ ಕತ್ತರಿಸಿ ಬಿಸಾಡಲಾ? (ಹೆಸರು ಬೇಡ)

ಸಂಪಾದಕರ ಉತ್ತರ: ನೀವು ಪತ್ರದ ಜೊತೆ ಇಟ್ಟಿದ್ದ ಸ್ಟೇಟ್‌ಮೆಂಟ್ ನೋಡಿದೆ. ಬಡ್ಡಿ ತಿಂಗಳಿಗೆ 3.5% ಅಂತ ಎರಡನೇ ಪುಟದ ಸಣ್ಣಕ್ಷರದಲ್ಲಿದೆ. 60,000ಕ್ಕೆ ಅದು 2,100 ರೂಪಾಯಿ ಆಯ್ತು. ಆ ಬಡ್ಡಿಯ ಮೇಲೆ 18% ಜಿಎಸ್‌ಟಿ, ಅಂದರೆ 378. ಎರಡೂ ಸೇರಿ 2,478. ನೀವು ಕಟ್ಟಿದ 3,000ದಲ್ಲಿ ಅಸಲಿಗೆ ಹೋದದ್ದು ಬರೀ 522 ರೂಪಾಯಿ. ಅದೇ ತಿಂಗಳು ಅದೇ ಕಾರ್ಡ್ ಉಜ್ಜಿ 600 ರೂಪಾಯಿ ಪೆಟ್ರೋಲ್ ಹಾಕಿಸಿದ್ದೀರಿ. ಬಾಕಿ ಎಲ್ಲಿಂದ ಇಳಿಯಬೇಕು ಹೇಳಿ?

ಮೋಸ ಏನಿಲ್ಲ, ಎಲ್ಲ ಬರೆದೇ ಕೊಟ್ಟಿದ್ದಾರೆ. ಆದರೆ ಗಂಜ್‌ನಲ್ಲಿ ಯಾರಾದರೂ ಸಾವ್ಕಾರರು ನೂರಕ್ಕೆ ಮೂರೂವರೆ ಬಡ್ಡಿ ಕೇಳಿದ್ದರೆ ನೀವು ಅಲ್ಲಿ ಕೂರುತ್ತಲೂ ಇರಲಿಲ್ಲ, ಅಲ್ವಾ? ವರ್ಷಕ್ಕೆ 42% ಆಯ್ತದು. ಕಾರ್ಡ್‌ನಲ್ಲಿ ಯಾರೂ ಮುಖಕ್ಕೆ ಮುಖ ಕೊಟ್ಟು ಬಡ್ಡಿ ಕೇಳಲ್ಲ, ಅದಕ್ಕೇ ಇನ್ನೊಬ್ಬರ ಲೆಕ್ಕದಲ್ಲಿ ಒಂದು ಪೈಸೆ ಬಿಡದ ನಿಮಗೂ ಅದು ಕಣ್ಣಿಗೆ ಬೀಳಲಿಲ್ಲ.

ಮಿನಿಮಮ್ ಕಟ್ಟಿದ್ದು ಪೂರ್ತಿ ದಂಡ ಅಂತಲ್ಲ. ಲೇಟ್ ಫೀ ಬೀಳಲಿಲ್ಲ, ಎಲ್ಲರ ಸಾಲದ ದಾಖಲೆ ಇಡುವ ಸಿಬಿಲ್‌ನಲ್ಲಿ ಕಂತು ತಪ್ಪಿಸಿದವರು ಅಂತ ಹೆಸರು ಬರಲಿಲ್ಲ. ಅಷ್ಟೇ ಅದರ ಉಪಯೋಗ. ಹಳೆ ಬಾಕಿ ಉಳಿದಿರುವಷ್ಟು ದಿನ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳೂ ಇರುವುದಿಲ್ಲ, ಆ ಪೆಟ್ರೋಲ್‌ಗೂ ಹಾಕಿಸಿದ ದಿನದಿಂದಲೇ ಬಡ್ಡಿ. ಹಾಗಾಗಿ ಇವತ್ತಿನಿಂದ ಕಾರ್ಡ್ ಕಪಾಟಿನಲ್ಲಿರಲಿ. ಶಾಪಿಂಗ್ ಆ್ಯಪ್‌ಗಳಲ್ಲಿ ಅದರ ನಂಬರ್ ಸೇವ್ ಆಗಿದ್ದರೆ ಅದನ್ನೂ ಅಳಿಸಿ.

ಗೆಳೆಯನ ಐಡಿಯಾ ಕೈಬಿಡಿ. ಕಾರ್ಡ್‌ನಿಂದ ಕ್ಯಾಶ್ ತೆಗೆದರೆ ಮೊದಲು ಫೀ, ಸಾಮಾನ್ಯವಾಗಿ 2.5%, ಆಮೇಲೆ ಅದೇ ದಿನದಿಂದ ಬಡ್ಡಿ. ಒಂದು ದಿನದ ವಿನಾಯಿತಿಯೂ ಇಲ್ಲ.

ಇನ್ನು ಎಫ್‌ಡಿ. ಇಲ್ಲಿ ನಿಮ್ಮ ಜೊತೆ ನನ್ನದು ಸ್ವಲ್ಪ ಜಗಳ. ಮಗಳಿಗೆ ಅಂತ ಇಟ್ಟ ರೊಕ್ಕ ಒಂದು ಕಡೆ 7% ತರುತ್ತಿದೆ, ಇನ್ನೊಂದು ಕಡೆ ನೀವು 42% ಕಟ್ಟುತ್ತಿದ್ದೀರಿ, ಆ ಬಡ್ಡಿಯೂ ಅದೇ ಮನೆಯ ರೊಕ್ಕ ತಾನೇ? ಆದರೂ ಮನಸ್ಸು ಒಪ್ಪಲ್ಲ ಅನ್ನೋದು ಗೊತ್ತು, ನಮ್ಮಲ್ಲಿ ಮಕ್ಕಳಿಗೆ ಎತ್ತಿಟ್ಟದ್ದನ್ನು ಮುರಿಸೋದು ಅಂದರೆ ಮನೆಯಲ್ಲಿ ದೊಡ್ಡ ಮಾತಾಗುತ್ತದೆ. ಮುರಿಸಬೇಡಿ ಬಿಡಿ. ಅದೇ ಬ್ಯಾಂಕಿನಲ್ಲಿ ಎಫ್‌ಡಿ ಮೇಲೆ ಸಾಲ ಕೇಳಿ, ಆ ರೊಕ್ಕ ಕಾರ್ಡ್ ಬಾಕಿಗೆ ಕಟ್ಟಿ. ಸಾಮಾನ್ಯವಾಗಿ ಎಫ್‌ಡಿಯ 90% ತನಕ ಕೊಡುತ್ತಾರೆ, ಬಡ್ಡಿ ಎಫ್‌ಡಿ ದರಕ್ಕಿಂತ ಒಂದೆರಡು ಪರ್ಸೆಂಟ್ ಜಾಸ್ತಿ ಇರುತ್ತದೆ. 45,000ಕ್ಕೆ 9% ಅಂತ ಹಿಡಿದರೂ ತಿಂಗಳಿಗೆ 338 ರೂಪಾಯಿ. ಅದೇ 45,000ಕ್ಕೆ ಕಾರ್ಡ್‌ನವರು ಈಗ ಜಿಎಸ್‌ಟಿ ಸೇರಿಸಿ 1,858 ತಗೊಳ್ಳುತ್ತಿದ್ದಾರೆ. ಉಳಿದ 15,000ವನ್ನು ಇಎಂಐ ಮಾಡಿಕೊಡಿ ಅಂತ ಕಾರ್ಡ್ ಬ್ಯಾಂಕಿಗೆ ಫೋನ್ ಮಾಡಿ. ದರ ಎಷ್ಟು, ಪ್ರೊಸೆಸಿಂಗ್ ಫೀ ಎಷ್ಟು, ಎರಡನ್ನೂ ಕೇಳಿಯೇ ಹ್ಞೂಂ ಅನ್ನಿ. ಈಗ ಕಟ್ಟುತ್ತಿರುವ ಅದೇ 3,000ದಲ್ಲಿ ಎರಡೂ ಸಾಲ ಎರಡು ವರ್ಷದೊಳಗೆ ತೀರುತ್ತವೆ. ಬೋನಸ್ ಗೀನಸ್ ಬಂದರೆ ಇನ್ನೂ ಬೇಗ.

ಬಾಕಿ ತೀರಿದ ಮೇಲೆ ಕಾರ್ಡ್ ಇಟ್ಟುಕೊಳ್ಳೋದಾದರೆ ಒಂದು ಕೆಲಸ ಮಾಡಿ: ಬ್ಯಾಂಕಿನ ಆ್ಯಪ್‌ನಲ್ಲಿ ಆಟೋ ಡೆಬಿಟ್ ತೆರೆದು ನೋಡಿ. ಅಲ್ಲಿ ಎಷ್ಟೋ ಜನರದ್ದು ‘ಮಿನಿಮಮ್’ ಅಂತಲೇ ಇರುತ್ತದೆ. ಅದನ್ನು ‘ಟೋಟಲ್ ಡ್ಯೂ’ ಮಾಡಿ. ಪಗಾರ ಬಂದ ಮೇಲೆ ಡ್ಯೂ ಡೇಟ್ ಬರುವ ಹಾಗೆ ಬಿಲ್ಲಿಂಗ್ ದಿನ ಬದಲಾಯಿಸಿಕೊಡಿ ಅಂತಲೂ ಕೇಳಬಹುದು. ಅಕೌಂಟ್‌ನಲ್ಲಿ ಇಲ್ಲದ ರೊಕ್ಕವನ್ನು ಕಾರ್ಡ್‌ನಲ್ಲಿ ಖರ್ಚು ಮಾಡದಿದ್ದರೆ ಅದರಿಂದ ತೊಂದರೆಯಿಲ್ಲ. ನಾನೂ ಒಂದು ಇಟ್ಟುಕೊಂಡಿದ್ದೇನೆ.

ಬೇಡವೇ ಬೇಡ ಅನ್ನಿಸಿದರೆ ಸುಮ್ನೆ ಕತ್ತರಿಸಿ ಬಿಸಾಡಬೇಡಿ. ಪ್ಲಾಸ್ಟಿಕ್ ತುಂಡಾದರೂ ಖಾತೆ ಜೀವಂತ ಇರುತ್ತದೆ, ವಾರ್ಷಿಕ ಫೀ ಬೀಳುತ್ತಲೇ ಇರುತ್ತದೆ. ಪೂರ್ತಿ ಬಾಕಿ ಕಟ್ಟಿ, ಕ್ಲೋಸ್ ಮಾಡಿ ಅಂತ ಬರಹದಲ್ಲೇ ಕೊಡಿ, ಇಮೇಲ್ ಆದರೂ ಸಾಕು. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಅವರು 7 ಕೆಲಸದ ದಿನಗಳಲ್ಲಿ ಮುಚ್ಚಬೇಕು. ಇಲ್ಲದಿದ್ದರೆ ಮುಚ್ಚುವ ತನಕ ದಿನಕ್ಕೆ 500 ರೂಪಾಯಿ ಅವರೇ ನಿಮಗೆ ಕೊಡಬೇಕು.